ನೀಲಮ್ಮನನ್ನು ಕರೆಯಲು ಐನಾಪುರಕ್ಕೆ

ಡಿಸೆಂಬರಿನ ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಶಹಾಬಾದ್ ಸ್ಟೇಷನ್ನಿನಲ್ಲಿ ವಾಡಿಗೆ ಹತ್ತು ರೂಪಾಯಿಯ ಟಿಕೆಟ್ ತೆಗೆಸಿದೆ. ಚಳಿ ಇತ್ತು. ಚರ್ಚಿನ ಸಭೆಯವರು ಸನ್ಮಾನ ಮಾಡಿ ಹೊದಿಸಿದ ಶಾಲುಗಳಲ್ಲಿ ಒಂದನ್ನು ಹೊದ್ದಿದ್ದೆ, ಚಳಿಗಿಂತ ಹೆಚ್ಚಾಗಿ ನೀಲಮ್ಮ ನೋಡಲಿ ಎಂದು. ಕೈಚೀಲದಲ್ಲಿ ಅವಳಿಗೆ ನಮ್ಮ ಸಭೆಯ ಪಾದ್ರಿ ಅಯ್ಯನವರು ಬರೆದುಕೊಟ್ಟ ಪತ್ರ ಇತ್ತು. ಫೋನ್ ಮಾಡಿದ್ದರೂ ಸಾಕಾಗುತ್ತಿತ್ತು. ಆದರೆ ಅಯ್ಯನವರು, "ನೀವೇ ಹೋಗಿ ಕರದ್ರ ಛಲೋ ಅನಸ್ತದ್ರೀ" ಎಂದುಬಿಟ್ಟಿದ್ದರು.

ಕ್ರಿಸ್‌ಮಸ್ಸಿಗೆ ಮುಂಚಿನ ವಾರ ನಮ್ಮಲ್ಲಿ ಸ್ತ್ರೀಯರ ಕೂಟ ನಡೆಯುತ್ತದೆ. ಕರ್ತನು ಮತ್ತೆ ಬರುವ ದಿನಕ್ಕೆ ಸಿದ್ಧರಾಗಿರಬೇಕೆಂದು ಯಾರಾದರೂ ಒಬ್ಬರು ಮಾತಾಡುತ್ತಾರೆ. ಹತ್ತೊಂಬತ್ತು ವರ್ಷ ಆ ಒಬ್ಬರು ನಾನೇ ಆಗಿದ್ದೆ. ಈ ವರ್ಷ ನೀಲಮ್ಮ ಮಾತಾಡಲಿ ಎಂದು ತೀರ್ಮಾನವಾಗಿತ್ತು. ಅವಳು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ ನಮ್ಮ ಮನೆಯ ಮುಸುರೆ ತಿಕ್ಕುತ್ತಿದ್ದವಳು. ಗಂಡ ರಾವೂರಿನ ಕಲ್ಲುಗಣಿಯಲ್ಲಿ ದುಡಿಯುತ್ತಿದ್ದ. ಈಗ ಅವಳಿರುವುದು ಐನಾಪುರದಲ್ಲಿ. ಅವಳಿಗೆ ಅಕ್ಷರ ಕಲಿಸಿದವಳು ನಾನು. ನಮ್ಮ ಮನೆ ಅಜ್ಜನ ಕಾಲದಿಂದ ಯೇಸುವನ್ನು ನಂಬಿದ ಮನೆ. ಅವಳು ನಂಬಿ ನಾಲ್ಕು ವರ್ಷವೂ ತುಂಬಿರಲಿಲ್ಲ. ನನಗೆ ಹೊಟ್ಟೆಕಿಚ್ಚಾಗಿತ್ತು. ಅದಕ್ಕೆ ಬೇರೆ ಹೆಸರು ಇಡುವುದಿಲ್ಲ.

ವಾಡಿಯಲ್ಲಿ ಸೇಡಂ ಕಡೆಯ ಗಾಡಿಗೆ ಮುಕ್ಕಾಲು ಗಂಟೆ ಕಾದೆ. ಸ್ಟೇಷನ್ನಿನ ಸೇತುವೆಯ ಮೇಲಿನಿಂದ ನಮ್ಮ ಹಳೆಯ ಕ್ವಾರ್ಟರ್ಸ್ ಕಾಣಿಸಿತು, ಸಿಮೆಂಟಿನ ಧೂಳು ಹಿಡಿದು ಬೆಳ್ಳಗಾಗಿತ್ತು. ತೀರಿಹೋದ ನನ್ನ ಯಜಮಾನರು ಗೂಡ್ಸ್ ಗಾಡಿಯ ಗಾರ್ಡ್. ಯಾವ ಹೊತ್ತಿಗೆ ಡ್ಯೂಟಿ ಎಂದು ಮೊದಲೇ ತಿಳಿಯುತ್ತಿರಲಿಲ್ಲ. ಸ್ಟೇಷನ್ನಿನಿಂದ ಆಳೊಬ್ಬ ಕಾಲ್ ಬುಕ್ಕು ಹಿಡಿದು ಬಂದರೆ ಸಹಿ ಹಾಕಿ ಹೊರಡಬೇಕಿತ್ತು. ಅವರ ಕರಿ ತಗಡಿನ ಪೆಟ್ಟಿಗೆ ಸದಾ ಬಾಗಿಲ ಬಳಿಯೇ ಇರುತ್ತಿತ್ತು. ಗಾಡಿ ಬಂತು, ಹತ್ತಿದೆ.

ಚಿತ್ತಾಪುರ ದಾಟಿದ ಮೇಲೆ ಎರಡೂ ಕಡೆ ತೊಗರಿ ಹೊಲ, ಕಾಯಿ ಒಣಗಿ ಕಟಾವಿಗೆ ಬಂದಿತ್ತು. ಸೇಡಂನಲ್ಲಿ ಇಳಿದು ಒಂದು ತಟ್ಟೆ ಮಂಡಕ್ಕಿ ಸುಸಲಾ ತಿಂದು ಚಹಾ ಕುಡಿದೆ. ಚಿಂಚೋಳಿ ಬಸ್ಸಿಗೆ ಎಲ್ಲರಿಗಿಂತ ಮೊದಲು ಬಂದು ನಿಂತವಳು ನಾನು. ಬಸ್ಸು ಬಂದಾಗ ತೊಗರಿ ಕೊಯ್ಯಲು ಹೊರಟ ಒಬ್ಬಾಕೆ ಓಡಿಬಂದು ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿದಳು. ನಾನು ನಿಂತೆ. ಅಭ್ಯಾಸಬಲದಿಂದ ನೂರರ ನೋಟು ಚಾಚಿದೆ.

"ರೊಕ್ಕ ಇಟ್ಕೋರಿ ಅಮ್ಮಾ, ಆಧಾರ್ ತೋರಸ್ರಿ ಸಾಕು," ಎಂದ ಕಂಡಕ್ಟರು ನನಗೊಂದು, ಟವೆಲ್ಲಿನವಳಿಗೊಂದು ಪುಕ್ಕಟೆ ಚೀಟಿ ಹರಿದುಕೊಟ್ಟ. ಎರಡೂ ಒಂದೇ ಥರದ ಚೀಟಿ. ಮೊದಲು ಬಂದವರಿಗೂ ಕೊನೆಗೆ ಬಂದವರಿಗೂ ಒಂದೇ ಎಂದರೆ ಮೊದಲು ಬಂದು ಏನು ಸುಖ ಎಂದುಕೊಂಡೆ. ಕಂಬಿ ಹಿಡಿದು ನಿಂತಲ್ಲಿಯೇ ಒಂದು ಯೋಚನೆಯೂ ಬಂತು. ಪತ್ರ ಚೀಲದಲ್ಲೇ ಇರಲಿ. ನೀಲಮ್ಮನಿಗೆ ಬರಲು ಆಗುವುದಿಲ್ಲವಂತೆ ಎಂದು ಹೋಗಿ ಹೇಳಿದರಾಯಿತು.

ಚಿಂಚೋಳಿಯಿಂದ ಟಂಟಂ ಆಟೋ ಹಿಡಿದು ಐನಾಪುರ ಮುಟ್ಟಿದಾಗ ಹನ್ನೆರಡೂವರೆ. ನೀಲಮ್ಮನ ಪಡಸಾಲೆಯಲ್ಲಿ ಏಳೆಂಟು ಹೆಂಗಸರು ಪ್ರಾರ್ಥನೆಗೆ ಕೂತಿದ್ದರು, ನೀಲಮ್ಮ ಅವರೆದುರು ಮಾತಾಡುತ್ತಿದ್ದಳು. ನನ್ನನ್ನು ಕಂಡವಳೇ ಎದ್ದು ಬಂದಳು.

"ಅಕ್ಕೋರ! ವಂದನಾರೀ. ಬರ್ರಿ, ಕುಂದ್ರಿ," ಎಂದು ಕೈ ಹಿಡಿದು ಒಳಗೆ ಕರೆದೊಯ್ದಳು. ಶಾಲಿನ ಕಡೆ ಅವಳ ಕಣ್ಣು ಹೋಗಲೇ ಇಲ್ಲ.

ತಪ್ಪು ಹುಡುಕಬೇಕೆಂದೇ ಗೋಡೆಗೆ ಒರಗಿ ಕೂತೆ. ಅವಳು ಮಾತು ಮುಂದುವರಿಸಿದಳು.

"ನಾ ವಾಡ್ಯಾಗ ಕೆಲ್ಸ ಮಾಡ್ತಿದ್ದದ್ದು ಇದೇ ಅಕ್ಕೋರ ಮನ್ಯಾಗ. ಬಾಗಲದಾಗ ಸಾಹೇಬ್ರ ಪೆಟ್ಟಿಗಿ ಇರ್ತಿತ್ತು. ಸಾಹೇಬ್ರು ಡ್ಯೂಟಿ ಮುಗಿಸಿ ಬಂದ ಕೂಡ್ಲೆ ಅಕ್ಕೋರು ಅದನ್ನ ಮತ್ತ ತುಂಬಿ ಇಡ್ತಿದ್ರು. ಹಿಟ್ಟು, ಬ್ಯಾಳಿ, ಒಗದ ಅರವಿ, ಕೈದೀಪಕ್ಕ ಎಣ್ಣಿ. ಈಗರ ಬಂದಾರ, ಇಷ್ಟು ಲಗೂ ಯಾಕ್ರೀ ಅಂತ ನಾ ಕೇಳ್ದೆ. ಕರೀಲಾಕ ಯಾವಾಗ ಬರ್ತಾರ ಯಾರಿಗ್ಗೊತ್ತು, ಬಂದ ಮ್ಯಾಲ ತುಂಬ್ಲಾಕ ಆಗಂಗಿಲ್ಲ ಅಂದ್ರು. ಕರ್ತ ಬರೋದೂ ಹಂಗೇ ಅದ. ನಮ್ಮನ್ನ ಉಳಿಸಿದ್ದು ಅವನೇ, ಏನೂ ಕೇಳ್ದೆ ಉಳಿಸ್ಯಾನ. ಅವ ಕರದಾಗ ಎದ್ದು ಹೋಗೋದಷ್ಟೇ ನಮ್ಮ ಕೆಲ್ಸ."

ಹೆಂಗಸರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿ ನೋಡಿದರು. ಅದು ನಾನು ಆಡಿದ ಮಾತು ಎಂಬುದೇ ನನಗೆ ಮರೆತುಹೋಗಿತ್ತು. ಹತ್ತೊಂಬತ್ತು ವರ್ಷದ ಭಾಷಣಗಳಲ್ಲಿ ಆ ಪೆಟ್ಟಿಗೆ ಒಮ್ಮೆಯೂ ಬಂದಿರಲಿಲ್ಲ. ನನ್ನದೇ ಮಾತು ಅವಳ ಬಾಯಲ್ಲಿ ಅಷ್ಟು ಚೆನ್ನಾಗಿ ಕೇಳಿಸಿದ್ದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು.

ಊಟಕ್ಕೆ ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ. "ಏನು ಕೆಲ್ಸದ ಮ್ಯಾಲ ಬಂದಿರಿ ಅಕ್ಕೋರ?" ಎಂದು ಕೇಳಿದಳು.

"ಏನಿಲ್ಲ, ನಿನ್ನ ನೋಡ್ಲಾಕ ಬಂದೆ."

"ಬರೇ ನನ್ನ ನೋಡ್ಲಾಕ ಇಷ್ಟು ದೂರ ಬಂದ್ರಿ?" ಎಂದವಳು ಸೆರಗಿನಿಂದ ಕಣ್ಣೊರೆಸಿಕೊಂಡಳು.

ಮೂರು ಗಂಟೆಗೆ ಟಂಟಂ ಕಾಯುತ್ತ ಇಬ್ಬರೂ ರಸ್ತೆ ಬದಿ ನಿಂತೆವು. ಬಿಸಿಲು ಇಳಿಯುತ್ತಿತ್ತು. ನೀಲಮ್ಮ ಆಕಾಶ ನೋಡಿ, "ಕರ್ತ ಇವತ್ತೇ ಬಂದ್ರ ಎಷ್ಟು ಖುಷಿ, ಅಲ್ರೀ ಅಕ್ಕೋರ?" ಎಂದಳು.

ಇವತ್ತೇ ಬಂದರೆ ಈ ಚೀಲ ಹಿಡಿದುಕೊಂಡೇ ಅವನ ಎದುರು ನಿಲ್ಲಬೇಕಲ್ಲ ಎಂದು ಹೆದರಿಕೆಯಾಯಿತು. ಪತ್ರ ತೆಗೆದು ಅವಳ ಕೈಗಿಟ್ಟೆ. "ಇದು ನಿನ್ನದು. ಕೊಡಬಾರ್ದಂತ ಮಾಡಿದ್ದೆ. ನಿನ್ನ ಮ್ಯಾಲ ಹೊಟ್ಟಿಕಿಚ್ಚು ಅದ ನನಗ."

ನಾನು ಕಲಿಸಿದಂತೆಯೇ ಅಕ್ಷರಗಳ ಕೆಳಗೆ ಬೆರಳಿಟ್ಟು ನಿಧಾನವಾಗಿ ಓದಿದಳು. ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ನಕ್ಕಳು. "ಮುಸುರಿ ತಿಕ್ಕೋವಾಗ ನನಗೂ ನಿಮ್ಮ ಮ್ಯಾಲ ಭಾಳ ಇತ್ರೀ." ಆಮೇಲೆ, "ಬರ್ತೀನಿ. ಆದ್ರ ನೀವು ಆ ಪೆಟ್ಟಿಗಿ ತರ್ರಿ. ನಾ ಮಾತಾಡ್ತೀನಿ, ನೀವು ಎಲ್ಲಾರ ಮುಂದ ತುಂಬಿ ತೋರಸ್ರಿ. ನಿಮ್ಮಂಗ ತುಂಬ್ಲಾಕ ನನಗ ಬರಂಗಿಲ್ಲ," ಎಂದಳು.

ಟಂಟಂ ಹೊರಟ ಮೇಲೆ ಹಿಂತಿರುಗಿ ನೋಡಿದೆ. ಕೈ ಬೀಸುತ್ತ ನಿಂತಿರಬಹುದು ಅಂದುಕೊಂಡಿದ್ದೆ. ಅವಳಾಗಲೇ ಯಾರದೋ ತೊಗರಿ ಹೊರೆಗೆ ಕೈ ಕೊಟ್ಟು ತಲೆಯ ಮೇಲೆ ಎತ್ತಿಡುತ್ತಿದ್ದಳು.

ಚಿಂಚೋಳಿಯಿಂದ ಸೇಡಂ, ಸೇಡಂನಿಂದ ವಾಡಿ. ಬಸ್ಸಿನಲ್ಲಿ ಈ ಸಲ ಕೇಳಿ ಚೀಟಿ ತೆಗೆದುಕೊಂಡೆ, ನೋಟು ತೆಗೆಯಲಿಲ್ಲ. ಶಹಾಬಾದಿನ ಮನೆ ಸೇರಿದಾಗ ಏಳೂವರೆ. ಕೈಕಾಲು ತೊಳೆದವಳು ಮಂಚದ ಕೆಳಗಿನಿಂದ ಪೆಟ್ಟಿಗೆ ಎಳೆದೆ. ಯಜಮಾನರು ಹೋದ ಮೇಲೆ ಅದರಲ್ಲಿ ಸನ್ಮಾನದ ಶಾಲುಗಳನ್ನು ಇಡುತ್ತ ಬಂದಿದ್ದೆ. ಮೈಮೇಲಿನದು ಬಿಟ್ಟು ಹದಿನೆಂಟು ಇದ್ದವು. ಒಂದೊಂದಾಗಿ ತೆಗೆದು ಮಂಚದ ಮೇಲೆ ಹಾಕಿದೆ. ಎಲ್ಲಕ್ಕಿಂತ ಅಡಿಯಲ್ಲಿ ಅವರ ಹಳೆಯ ಕೈದೀಪ ಸಿಕ್ಕಿತು. ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿದೆ. ಒಳಗೆ ಒಂದು ಹನಿ ಎಣ್ಣೆಯೂ ಇರಲಿಲ್ಲ.