ಕಾಗೆ ಮುಟ್ಟದ ದಿನ

ಪರ್ತ್‌ನ ಬೆಂಟ್ಲಿಯಲ್ಲಿ, ಪಾರ್ವತಿಯ ಮನೆಯ ಕಾರ್‌ಪೋರ್ಟಿನ ತಗಡಿನ ಮೇಲೆ ವರ್ಷಕ್ಕೊಮ್ಮೆ ಬಾಳೆಲೆ ಏರುತ್ತಿತ್ತು. ಮಹಾಲಯ ಅಮಾವಾಸ್ಯೆಯ ದಿನ ಅನ್ನ, ಪಾಯಸ, ನಾಲ್ಕು ಕಡಲೆಬೇಳೆ ವಡೆ ಬಡಿಸಿಕೊಂಡು ಅವಳು ಏಣಿ ಹತ್ತುವಳು. ತೀರಿಕೊಂಡ ಗಂಡ ಹೊನ್ನಪ್ಪನಿಗೆ ಅದು ಎಡೆ. ಆಮೇಲೆ ಕೆಳಗಿಳಿದು ಕಾಗೆಯನ್ನು ಕರೆಯುತ್ತ ನಿಲ್ಲುವಳು. ಪರ್ತ್‌ನಲ್ಲಿ ಕಾಗೆಗೇನೂ ಬರವಿಲ್ಲ, ಉಳಿದ ಮುನ್ನೂರು ಚಿಲ್ಲರೆ ದಿನ ಕಸದ ತೊಟ್ಟಿ ಕೆದಕಿ ರಾದ್ಧಾಂತ ಮಾಡುತ್ತವೆ. ಆದರೆ ಪಿತೃಪಕ್ಷ ಬರುವುದು ಸೆಪ್ಟೆಂಬರಿನ ಆಸುಪಾಸಿಗೆ, ಅದು ಅಲ್ಲಿನ ಮ್ಯಾಗ್‌ಪೈ ಹಕ್ಕಿಗಳು ಗೂಡು ಕಟ್ಟುವ ಕಾಲ. ಕಪ್ಪುಬಿಳುಪಿನ ಆ ಪುಂಡ ಹಕ್ಕಿಗಳು ಒಂದು ಕಾಗೆಯನ್ನೂ ಬೀದಿಗೆ ಸೇರಿಸುವುದಿಲ್ಲ. ಒಂದು ಸಲವಂತೂ ಏಣಿಯ ಮೇಲಿದ್ದ ಪಾರ್ವತಿಯ ತಲೆಗೇ ಕುಕ್ಕಿಹೋಗಿದ್ದವು.

ಮೂರು ವರ್ಷ ಹೀಗೇ ಆಯಿತು. ಕಾಗೆ ಬಂದು ಪಕ್ಕದ ಕಂಬದ ಮೇಲೆ ಕೂರುವುದು, ಎಲೆಯತ್ತ ನೋಡುವುದು, ಮ್ಯಾಗ್‌ಪೈ ಎರಗಿದೊಡನೆ ಪರಾರಿಯಾಗುವುದು. ಸಂಜೆ ಪಾರ್ವತಿ ಬ್ರಿಸ್ಬೇನಿನ ರನ್‌ಕಾರ್ನ್‌ನಲ್ಲಿರುವ ಮಗಳು ಕವನಾಗೆ ಫೋನು ಮಾಡುವಳು. "ಕಾಗೆ ಬಂದಿತ್ತು ಕಣೇ, ಏನೂ ಮುಟ್ಲಿಲ್ಲ" ಎಂದು ಅತ್ತುಬಿಡುವಳು. ಅವರು ಮೊದಲಿದ್ದ ಅಡಿಲೇಡಿನಲ್ಲಿ ಹುಟ್ಟಿ ಬೆಳೆದ ಕವನಾಗೆ ಕನ್ನಡ ಅರ್ಥವಾಗುತ್ತಿತ್ತು, ಕಾಗೆ ಅರ್ಥವಾಗುತ್ತಿರಲಿಲ್ಲ. ಆದರೂ ಅಮ್ಮನ ಅಳು ನಿಲ್ಲುವವರೆಗೆ ಫೋನು ಇಡುತ್ತಿರಲಿಲ್ಲ, ಪಾಪ.

ಪಾರ್ವತಿ ಮೂಢಳೇನಲ್ಲ. ನರ್ಸಿಂಗ್ ಹೋಮಿನ ಲಾಂಡ್ರಿಯಲ್ಲಿ ಹದಿನೈದು ವರ್ಷ ದುಡಿದ ಗಟ್ಟಿ ಹೆಂಗಸು. ಅವಳ ಸಂಕಟ ಬೇರೆಯೇ ಇತ್ತು. ಹೊನ್ನಪ್ಪ ಮೈಸೂರಿನ ಡ್ರಾಫ್ಟ್ಸ್‌ಮನ್, ಬಲು ಊಟಪ್ರಿಯ. ವಡೆ ಮಾಡಿದ ದಿನ ತಟ್ಟೆ ಖಾಲಿಯಾದರೂ ಏಳುತ್ತಿರಲಿಲ್ಲ, ಇನ್ನೊಂದು ಬೀಳುತ್ತದೆಂದು ಸುಮ್ಮನೆ ಕೂತೇ ಇರುತ್ತಿದ್ದ. ಹೆಂಡತಿ ಬಾರದೆ ತುತ್ತೆತ್ತುವ ಅಭ್ಯಾಸವೂ ಅವನಿಗಿರಲಿಲ್ಲ. ೨೦೧೩ರ ಜೂನಿನಲ್ಲಿ ಒಂದು ಸಂಜೆ ಲಾಂಡ್ರಿಯ ಮೆಷಿನು ಕೆಟ್ಟು ಅವಳು ಒಂದು ಗಂಟೆ ತಡವಾಗಿ ಮನೆಗೆ ಬಂದಳು. ಅವನು ಅಡುಗೆಮನೆಯ ಕುರ್ಚಿಯಲ್ಲೇ ತಲೆ ವಾಲಿಸಿ ಹೋಗಿಬಿಟ್ಟಿದ್ದ. ಮುಚ್ಚಿಟ್ಟ ತಟ್ಟೆ ಮುಚ್ಚಿದಂತೆಯೇ ಇತ್ತು. ನೋವಾಗಿರಲಿಕ್ಕಿಲ್ಲ ಎಂದರು ಡಾಕ್ಟರು. ನೋವಿನ ಮಾತು ಯಾರು ಕೇಳಿದರು? ಹಸಿದ ಹೊಟ್ಟೆಯಲ್ಲಿ ಹೋದರಲ್ಲ ಎಂಬುದೊಂದೇ ಅವಳನ್ನು ಕೊರೆಯುತ್ತಿದ್ದುದು.

ಲಾಂಡ್ರಿಯಲ್ಲಿ ಜೊತೆಗಿದ್ದ ಎಲೆನಿ ಗ್ರೀಸಿನ ಒಂದು ದ್ವೀಪದವಳು, ಬಾಯಿ ಜೋರು, ಮನಸ್ಸು ಬೆಣ್ಣೆ. ಶನಿವಾರ ಶನಿವಾರ ಪಾರ್ವತಿಯನ್ನು ಮನೆಯಿಂದ ಎಬ್ಬಿಸಿಕೊಂಡು ಹೋಗಿ ಸಮುದ್ರದ ದಿಬ್ಬಗಳಲ್ಲಿ ಗಿಡ ನೆಡುವ, ಪ್ಲಾಸ್ಟಿಕ್ ಹೆಕ್ಕುವ ಗುಂಪಿಗೆ ಸೇರಿಸಿದವಳು ಅವಳೇ. ತನ್ನೂರಿನ ತೀರಕ್ಕೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ, ಕಾಯುವುದಕ್ಕೆ ಮರಿ ಏಳುವ ಕೊನೆಯ ತಿಂಗಳಲ್ಲಿ ಜನ ಸಾಲುವುದಿಲ್ಲ, ಹೋಗಿ ಬಾ ಎಂದು ದುಂಬಾಲು ಬಿದ್ದಳು. ಐವತ್ತೇಳನೆಯ ವಯಸ್ಸಿನಲ್ಲಿ ಟೆಂಟಿನಲ್ಲಿ ಮಲಗುವುದೇ ಎಂದು ಕವನಾ ಗಾಬರಿಬಿದ್ದಳು. ಪಾರ್ವತಿ ಮಾತ್ರ ಐದು ವಾರ ರಜೆ ಹಾಕಿ, ೨೦೧೬ರ ಸೆಪ್ಟೆಂಬರಿನಲ್ಲಿ, ಹುಣಸೆಹಣ್ಣಿನ ಸಮೇತ ವಿಮಾನ ಹತ್ತಿದಳು.

ಕ್ಯಾಂಪಿನ ಮುಖ್ಯಸ್ಥೆ ಡೆಸ್ಪಿನಾ ಎಂಬ ಹುಡುಗಿಗೆ ಕವನಾಳದೇ ವಯಸ್ಸು. ಉಳಿದ ಸ್ವಯಂಸೇವಕರೆಲ್ಲ ಕಾಲೇಜು ಮಕ್ಕಳು, ಬೆಳಗ್ಗೆ ಎಬ್ಬಿಸಿದರೆ ಶಾಪ ಹಾಕುವವರು. ಪಾರ್ವತಿ ಐದಕ್ಕೇ ಎದ್ದು ಕೂತಿರುತ್ತಿದ್ದಳು. ತೀರದ ತುದಿಯ ಮೂರು ಗೂಡುಗಳು ಅವಳ ಪಾಲಿಗೆ ಬಂದವು. ಗೂಡೆಂದರೆ ಮರಳಿನಡಿ ಹೂತ ಮೊಟ್ಟೆಗಳು, ಮೇಲೆ ಗುರುತಿಗೆ ಬಿದಿರಿನ ಕಡ್ಡಿಗಳು. ಮರಿಗಳು ಮೇಲೆದ್ದಾಗ ನೀರಿನವರೆಗಿನ ದಾರಿ ಸಮವಾಗಿರಬೇಕು, ಅಡ್ಡ ಏನೂ ಇರಬಾರದು. ಕೈಯಲ್ಲಿ ಎತ್ತಿ ನೀರಿಗೆ ಬಿಡುವಂತಿಲ್ಲ, ಅವು ತಾವೇ ನಡೆಯಬೇಕು. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಎಲ್ಲಕ್ಕಿಂತ ಮೊದಲ ನಿಯಮ, ತೀರಕ್ಕೆ ತಿಂಡಿ ತರಕೂಡದು. ತಿಂಡಿ ಬಂದರೆ ಕಾಗೆ ಬರುತ್ತದೆ, ಕಾಗೆ ಬಂದರೆ ಮರಿ ಉಳಿಯುವುದಿಲ್ಲ. ಹೊಸಬರಿಗೆ ಈ ನಿಯಮವನ್ನು ಪಾರ್ವತಿಯೇ ಬಾಯಿಪಾಠದಂತೆ ಒಪ್ಪಿಸುತ್ತಿದ್ದಳು.

ಅಷ್ಟರಲ್ಲಿ ಅಮಾವಾಸ್ಯೆ ಬಂತು. ಊರಂಗಡಿಯಲ್ಲಿ ಸಿಕ್ಕ ಹಳದಿ ಬಟಾಣಿಬೇಳೆ ನೆನೆಹಾಕಿ, ತರಿತರಿಯಾಗಿ ರುಬ್ಬಿ ಅವಳು ವಡೆ ಕರಿದಳು. ಕ್ಯಾಂಪಿನ ಮಕ್ಕಳು ಒಂದರ ಮೇಲೊಂದು ಖಾಲಿ ಮಾಡಿ, ಪ್ರತಿದಿನ ಯಾಕೆ ಮಾಡುವುದಿಲ್ಲ ಎಂದು ಜಗಳಕ್ಕೇ ಬಂದವು. ಎಡೆಗೆಂದು ನಾಲ್ಕನ್ನು ಮೊದಲೇ ಎತ್ತಿಟ್ಟಿದ್ದಳು. ಆದರೆ ಕ್ಯಾಂಪಿನ ಸುತ್ತ ಬರೀ ಬೆಕ್ಕುಗಳು. ಕಾಗೆಗಳಿದ್ದುದು ತೀರದಾಚೆಯ ಬಂಡೆಗಳ ಮೇಲೆ, ಬೂದು ಮೈಯ, ಕಪ್ಪು ತಲೆಯ ಕಾಗೆಗಳು.

ಬೆಳಗಿನ ಹತ್ತು ಗಂಟೆಯಾಗಿತ್ತು. ಮರಿಗಳು ಏಳುವ ಹೊತ್ತು ದಾಟಿತ್ತು. ಬಂಡೆ ಗೂಡುಗಳಿಂದ ದೂರವೇ ಇತ್ತು. ಒಂದೇ ಒಂದು ಸಲ, ಐದೇ ನಿಮಿಷ ಎಂದು ತನಗೆ ತಾನೇ ಹೇಳಿಕೊಂಡಳು. ತಪ್ಪು ಮಾಡುವವರೆಲ್ಲ ಹೇಳಿಕೊಳ್ಳುವುದು ಇದನ್ನೇ ತಾನೆ. ಬಾಳೆಲೆ ಎಲ್ಲಿ ಬರಬೇಕು, ಬಂಡೆಯ ಮೇಲೆ ಅಂಜೂರದ ಎರಡು ಎಲೆ ಹಾಸಿ ಬಡಿಸಿದಳು. ರೆಕ್ಕೆಯಲ್ಲೊಂದು ಗರಿ ಮುರಿದಿದ್ದ ಕಾಗೆ ಕುಪ್ಪಳಿಸುತ್ತ ಬಂದು, ಅನ್ನವನ್ನು ಮೂಸಿಯೂ ನೋಡದೆ ನೇರ ವಡೆಗೆ ಬಾಯಿ ಹಾಕಿತು. ಅದು ತಿಂದಮೇಲೆ ಉಳಿದವು ಬಂದವು. ಎಲೆ ಖಾಲಿಯಾದರೂ ಮುರಿದ ಗರಿಯದು ಹಾರಿಹೋಗದೆ, ಇನ್ನೊಂದು ಬೀಳುತ್ತದೆಂಬಂತೆ ಕೂತೇ ಇತ್ತು. ಪಾರ್ವತಿಗೆ ಅದು ಯಾರೆಂದು ಬೇರೆಯವರು ಹೇಳಬೇಕಾಗಿರಲಿಲ್ಲ. ಮೂರು ವರ್ಷದ ಭಾರ ಇಳಿದುಹೋಯಿತು. ಅವಳು ಬಂಡೆಗೊರಗಿ ಮನಸಾರೆ ಅತ್ತಳು.

ಮರುದಿನ ಬೆಳಕು ಹರಿಯುವಾಗ ತೀರಕ್ಕೆ ಬಂದಳು. ಮೊದಲ ಗೂಡು ಒಡೆದಿತ್ತು. ನೀರಿನತ್ತ ಹೋಗಿದ್ದ ಪುಟ್ಟ ಹೆಜ್ಜೆಸಾಲುಗಳಲ್ಲಿ ಎಷ್ಟೋ ನಡುದಾರಿಯಲ್ಲೇ ನಿಂತುಹೋಗಿದ್ದವು. ನಿಂತಲ್ಲೆಲ್ಲ ಕಾಗೆಯ ಹೆಜ್ಜೆ. ದುಪಟ್ಟಾ ಬೀಸುತ್ತ ಓಡಿದಳು, ಕೊನೆಯ ನಾಲ್ಕು ಮರಿಗಳಷ್ಟೇ ಅವಳ ಕಣ್ಣೆದುರು ನೀರು ಸೇರಿದವು. ನಿಂತುಹೋದ ಸಾಲುಗಳನ್ನು ಎಣಿಸಿದಳು. ಹತ್ತೊಂಬತ್ತು.

ಹಿಂದಿನ ದಿನ ಪಿಕ್‌ನಿಕ್ಕಿಗೆ ಬಂದ ಪ್ರವಾಸಿಗಳು ಏನೋ ಬಿಟ್ಟುಹೋಗಿರಬೇಕು ಎಂದು ಡೆಸ್ಪಿನಾ ಮಧ್ಯಾಹ್ನದ ಸಭೆಯಲ್ಲಿ ಕೆಂಡವಾದಳು. ಪಾರ್ವತಿ ಸುಮ್ಮನಿದ್ದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳು ಎದ್ದು ನಿಂತು, ತಂದದ್ದು ನಾನು, ಇಂತಿಂಥ ಕಾರಣಕ್ಕೆ ಎಂದು ಮುಚ್ಚುಮರೆಯಿಲ್ಲದೆ ಹೇಳಿದಳು. ವಡೆ ತಿಂದ ಮಕ್ಕಳು ತಲೆ ತಗ್ಗಿಸಿದವು. ಡೆಸ್ಪಿನಾಳ ಮುಖ ಕೆಂಪೇರಿತು. ನಮ್ಮಜ್ಜಿಯೂ ಸತ್ತವರಿಗೆ ಗೋಧಿ ಬೇಯಿಸಿಡುತ್ತಾಳೆ, ಆದರೆ ಆಮೆಯ ತೀರದಲ್ಲಿ ಇಡುವುದಿಲ್ಲ ಎಂದಳು. ಆಮೇಲೆ, ರುಚಿ ಕಂಡ ಕಾಗೆ ದಿನಾ ಬರುತ್ತದೆ, ನಿನಗಿನ್ನೂ ಎರಡು ಗೂಡಿವೆ, ಹೊರಡುವವರೆಗೆ ಕಾಗೆಗಳನ್ನು ಓಡಿಸುವುದೇ ನಿನ್ನ ಕೆಲಸ ಎಂದು ಕಡ್ಡಿ ಮುರಿದಂತೆ ಹೇಳಿದಳು. ಮೂರು ವರ್ಷ ಕರೆದು ಕರೆದು ಕಾದ ಕಾಗೆಯನ್ನು ಓಡಿಸುವುದೆಂದರೆ ಏನೆಂದು ಆ ಹುಡುಗಿಗೆ ಹೇಗೆ ಗೊತ್ತಾಗಬೇಕು?

ಎರಡನೆಯ ಗೂಡಿನ ಮರಿಗಳು ಕತ್ತಲಿರುವಾಗಲೇ ಎದ್ದು ಸುರಕ್ಷಿತವಾಗಿ ಹೋದವು. ಮೂರನೆಯದು ಸತಾಯಿಸಿತು. ಐದನೆಯ ದಿನ, ಬಿಸಿಲು ಬಂದಮೇಲೆ, ಮರಳು ಕುಸಿದು ಮರಿಗಳು ಒಂದೊಂದಾಗಿ ಮೇಲೆದ್ದವು. ದುಪಟ್ಟಾ ಬೀಸಿದೊಡನೆ ಉಳಿದ ಕಾಗೆಗಳು ಬಂಡೆಗೆ ಹಾರಿದವು. ಮುರಿದ ಗರಿಯದು ಮಾತ್ರ ಗೂಡಿಗೂ ನೀರಿಗೂ ನಡುವೆ ಬಂದಿಳಿದು ಅವಳನ್ನೇ ನೋಡುತ್ತ ನಿಂತಿತು. ಬೀಸಿದರೂ ಕದಲಲಿಲ್ಲ.

ಪಾರ್ವತಿ ದುಪಟ್ಟಾ ಇಳಿಸಿದಳು. ಮುಂದಿನ ಮರಿ ಅದರ ಕಾಲಬುಡಕ್ಕೆ ಬರುವುದಿತ್ತು.

"ಏಳಿ ಅಂದ್ರೆ," ಎಂದಳು. "ನಿಮ್ಮ ಊಟ ಆಯ್ತು. ನೀವು ತಿಂದಿದ್ದನ್ನ ನಾನು ಕಣ್ಣಾರೆ ನೋಡಿದೀನಿ. ಇವು ಇನ್ನೂ ಏನೂ ತಿಂದಿಲ್ಲ, ಈಗ್ತಾನೆ ಹುಟ್ಟಿರೋವು. ಹೊರಡಿ."

ಕಾಗೆ ತಲೆ ಓರೆ ಮಾಡಿತು. ಪಾರ್ವತಿ ಬಗ್ಗಿ, ಹಿಡಿ ಮರಳು ತೆಗೆದುಕೊಂಡು, ಕಣ್ಣು ಮುಚ್ಚಿ ಎಸೆದಳು. ಕಣ್ಣು ಬಿಟ್ಟಾಗ ಅದು ಬಂಡೆಗಳನ್ನೂ ದಾಟಿ ಗುಡ್ಡದತ್ತ ಹಾರುತ್ತಿತ್ತು, ತಿರುಗಿ ಬರಲಿಲ್ಲ. ಅವಳು ಕೊನೆಯ ಮರಿಯ ಹಿಂದೆ ಹೆಜ್ಜೆ ಹೆಜ್ಜೆಯಾಗಿ ನಡೆದಳು. ಅಲೆ ಬಂದು ಅದನ್ನು ಎತ್ತಿಕೊಳ್ಳುವವರೆಗೆ ಮೊಣಕಾಲು ಮುಳುಗಿದರೂ ಅಲ್ಲೇ ನಿಂತಿದ್ದಳು.

ನೋಟ್‌ಬುಕ್ಕು ಬರೆದು ಮುಗಿಸಿ ಕವನಾಗೆ ಫೋನು ಮಾಡಿದಳು. ಬ್ರಿಸ್ಬೇನಿನಲ್ಲಿ ಆಗ ಸಂಜೆ.

"ಕಾಗೆ ಬಂದಿತ್ತು ಕಣೇ," ಎಂದಳು, "ಏನೂ ಮುಟ್ಲಿಲ್ಲ."

ಕವನಾ ಅಭ್ಯಾಸಬಲದಿಂದ ಒಲೆ ಆರಿಸಿ, ಕುರ್ಚಿ ಎಳೆದುಕೊಂಡು, ಅಮ್ಮನ ಅಳುವಿಗೆ ಕಾದಳು. ಎಷ್ಟು ಹೊತ್ತಾದರೂ ಅದು ಬರಲಿಲ್ಲ. ಆ ಕಡೆ ಅಮ್ಮ ನಗುತ್ತಿದ್ದಳು.