ಐದನೆಯ ಟ್ರ್ಯಾಕಿನ ಸ್ಯಾಕ್ಸೊಫೋನ್

ಆ ಆಲ್ಬಮ್ಮಿನ ಐದನೆಯ ಟ್ರ್ಯಾಕಿನಲ್ಲಿ ನೀವು ಕೇಳುವ ಸ್ಯಾಕ್ಸೊಫೋನ್ ನನ್ನದಲ್ಲ. ಹೆಸರು ನನ್ನದಿದೆ — ಕ್ಯಾಸೆಟ್ಟಿನ ಹೊದಿಕೆಯ ಮೇಲೂ ಇತ್ತು, ಈಗ ಫೋನಿನಲ್ಲಿ ಹುಡುಕಿದರೂ ಅದೇ ಬರುತ್ತದೆ. ಆದರೆ ಉಸಿರು ಎರ್ರಿಸ್ವಾಮಿಯದು. ಕುರುಗೋಡಿನ ಎರ್ರಿಸ್ವಾಮಿ, ನನ್ನ ಗೆಳೆಯ. ನನಗೆ ಇದು ಮೊದಲಿನಿಂದ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ.

ನಾವಿಬ್ಬರೂ ಬಳ್ಳಾರಿಯ ಕೌಲ್‌ಬಜಾರಿನ ಒಬ್ಬರೇ ಬ್ಯಾಂಡ್ ಮಾಸ್ತರರ ಹತ್ತಿರ ಸ್ಯಾಕ್ಸೊಫೋನ್ ಕಲಿತವರು. ಮದುವೆ ಮೆರವಣಿಗೆಗಳಲ್ಲಿ ಮದುಮಗನ ಕುದುರೆಯ ಮುಂದೆ ನಡೆಯುತ್ತ ತೆಲುಗು ಸಿನಿಮಾ ಹಾಡು ನುಡಿಸುತ್ತಿದ್ದೆವು. ನನ್ನ ನುಡಿಸಾಣಿಕೆಯಲ್ಲಿ ತಪ್ಪು ಕಡಿಮೆ. ಅವನದು — ಹೇಗೆ ಹೇಳಲಿ — ಸ್ವರ ಮುಟ್ಟುವ ಮೊದಲು ಅವನು ಒಂದಿಷ್ಟು ತಡೆಯುತ್ತಿದ್ದ, ಹೇಳಲೋ ಬೇಡವೋ ಎಂದು ಅನುಮಾನಿಸುವವನ ಹಾಗೆ. ಕೇಳುವವರು ಆ ಒಂದು ಗಳಿಗೆ ಉಸಿರು ಹಿಡಿಯುತ್ತಿದ್ದರು. ನಾನೂ ಹಿಡಿಯುತ್ತಿದ್ದೆ.

ಚೆನ್ನೈನ ಒಬ್ಬ ಸಂಗೀತ ನಿರ್ದೇಶಕರು, ಸಿನಿಮಾ ಹಾಡುಗಳ ನಡುವೆ ಜಾಜ್ ಆಲ್ಬಂ ಮಾಡುವ ಹುಚ್ಚಿನವರು, ಬಳ್ಳಾರಿಯ ಯಾವುದೋ ಮದುವೆಯಲ್ಲಿ ನಮ್ಮನ್ನು ಕೇಳಿ ಇಬ್ಬರನ್ನೂ ಕರೆಸಿಕೊಂಡರು. ಐದನೆಯ ಟ್ರ್ಯಾಕಿಗೆ ಸ್ಯಾಕ್ಸೊಫೋನ್ ಬೇಕಿತ್ತು. ಇಬ್ಬರೂ ನಿಮ್ಮ ನಿಮ್ಮ ರೀತಿಯಲ್ಲಿ ನುಡಿಸಿ, ಚೆನ್ನಾಗಿ ಬಂದದ್ದನ್ನು ಇಟ್ಟುಕೊಳ್ಳುತ್ತೇನೆ, ಅದನ್ನು ನುಡಿಸಿದವನು ಮುಂದಿನ ಆಲ್ಬಮ್ಮುಗಳಿಗೂ ನನ್ನೊಡನೆ ಇರಲಿ ಎಂದಿದ್ದರು. ಲಾಡ್ಜಿನ ಕೋಣೆಯಲ್ಲಿ ಎರ್ರಿಸ್ವಾಮಿ ತನ್ನ ಭಾಗವನ್ನು ದಿನಗಟ್ಟಲೆ ತಿದ್ದಿ ತೀಡಿದ. ನಾನು ಗೋಡೆಗೆ ಒರಗಿ ಕೇಳುತ್ತಿದ್ದೆ.

ರೆಕಾರ್ಡಿಂಗ್ ದಿನ ನಿರ್ದೇಶಕರಿಗೆ ಜ್ವರ. ರೆಕಾರ್ಡಿಸ್ಟ್ ಒಬ್ಬರೇ ಇದ್ದು ಮೊದಲು ನನ್ನದನ್ನು, ಆಮೇಲೆ ಅವನದನ್ನು ಟೇಪಿಗೆ ಹಿಡಿದುಕೊಂಡರು. ಮರುದಿನ ಬೆಳಿಗ್ಗೆ ನಿರ್ದೇಶಕರು ಬಂದಾಗ ಆ ರೆಕಾರ್ಡಿಸ್ಟ್ ಬೇರೆ ಸ್ಟುಡಿಯೋಗೆ ಹೋಗಿದ್ದರು. ಎರ್ರಿಸ್ವಾಮಿ ಊರಿಗೆ ಫೋನ್ ಮಾಡಲು ಎಸ್‌ಟಿಡಿ ಬೂತಿಗೆ ಹೋಗಿದ್ದ. ರೆಕಾರ್ಡಿಂಗ್ ಕೋಣೆಯ ಗಾಜಿನ ಈಚೆ ಕೂತು ನಿರ್ದೇಶಕರು ಎರಡನ್ನೂ ಕೇಳಿದರು. ಎರಡನೆಯದು ಮುಗಿದಾಗ ಕಣ್ಣು ತೆರೆಯದೆ ತೆಲುಗಿನಲ್ಲಿ ಕೇಳಿದರು, “ಎವರಯ್ಯಾ ಇದಿ ವಾಯಿಂಚಿಂದಿ?”

ಇದನ್ನು ನುಡಿಸಿದ್ದು ಯಾರಯ್ಯಾ ಎಂದು. ಕೋಣೆಯಲ್ಲಿ ನಾನೊಬ್ಬನೇ ಇದ್ದೆ.

“ನೇನೇ ಸಾರ್,” ಅಂದೆ. ನಾನೇ.

ಯಾಕೆ ಅಂದೆ ಎಂದು ಕೇಳಬೇಡಿ — ನಾನು ಕೇಳಿಕೊಂಡಿದ್ದೇನೆ, ಸಿಕ್ಕ ಉತ್ತರಗಳಲ್ಲಿ ಒಂದೂ ಹೇಳುವಂಥದ್ದಲ್ಲ. ಅಷ್ಟಕ್ಕೇ ನಿಂತಿದ್ದರೂ... ನಿಲ್ಲಲಿಲ್ಲ. ಮೆಟ್ಟಿಲ ಬಳಿ ಎರ್ರಿಸ್ವಾಮಿ ಎದುರಾದ.

“ಏನಂದ್ರಲೇ ಬಸ್ಯಾ?”

“ನಂದು ಇಟ್ಕೊಂಡಾರ.”

ಅವನು ನನ್ನ ಭುಜ ಹಿಡಿದು ಅಲುಗಿಸಿದ. ನಿಜವಾಗಿಯೂ ಸಂತೋಷಪಟ್ಟ. ಆಮೇಲೆ ಮೆಲ್ಲಗೆ ಕೇಳಿದ, “ನಂದಕ್ಕ ಏನಂದ್ರು?”

“ಉಸಿರು ಸಾಲಂಗಿಲ್ಲ ಅಂದ್ರು.”

ಯಾರೂ ಹಾಗೆ ಅಂದಿರಲಿಲ್ಲ. ಆ ಮಾತನ್ನು ಆ ಗಳಿಗೆಯಲ್ಲಿ ನಾನು ಹುಟ್ಟಿಸಿದೆ. ಅವನು ಅದನ್ನು ನಂಬಿ ಊರಿಗೆ ಹೋದ, ಸ್ಯಾಕ್ಸೊಫೋನನ್ನು ಅಟ್ಟಕ್ಕೆ ಹಾಕಿದ, ಕುರುಗೋಡಿನಲ್ಲಿ ಬಟ್ಟೆ ಅಂಗಡಿ ಇಟ್ಟ.

ನಾನು ಚೆನ್ನೈನಲ್ಲಿ ಉಳಿದೆ. ಎಷ್ಟೋ ಆಲ್ಬಮ್ಮುಗಳಿಗೆ ನುಡಿಸಿದೆ, ಪ್ರತಿಯೊಂದರಲ್ಲೂ ಎರ್ರಿಸ್ವಾಮಿಯ ಹಾಗೆ. ಬೇರೆ ದಾರಿ ಇರಲಿಲ್ಲ, ನಿರ್ದೇಶಕರು ಇಟ್ಟುಕೊಂಡದ್ದು ಆ ತಡೆಯನ್ನು, ನನ್ನನ್ನಲ್ಲ. ರೆಕಾರ್ಡಿಂಗಿನ ಕೆಂಪು ದೀಪ ಹತ್ತಿದಾಗಲೆಲ್ಲ ಅದೇ ಭಯ — ಇವತ್ತು ಗೊತ್ತಾಗುತ್ತದೆ, ಇವತ್ತು ಯಾರಾದರೂ ಹೇಳುತ್ತಾರೆ, ಇವನು ಅವನಲ್ಲ ಅಂತ. ಯಾರೂ ಹೇಳಲಿಲ್ಲ. ಕೀಬೋರ್ಡಿನಲ್ಲೇ ಎಲ್ಲ ವಾದ್ಯ ಬರತೊಡಗಿದ ಮೇಲೆ ಕೆಲಸ ಕಡಿಮೆಯಾಯಿತು. ಬಳ್ಳಾರಿಗೆ ಬಂದು ಸಂಗೀತದ ಕ್ಲಾಸು ತೆರೆದೆ.

ಎರ್ರಿಸ್ವಾಮಿಯ ಸ್ನೇಹ ಮಾತ್ರ ಹಾಗೇ ಇತ್ತು. ಹಬ್ಬಕ್ಕೆ ಕರೆಯುತ್ತಿದ್ದ, ಹೋಗುತ್ತಿದ್ದೆ. ಒಮ್ಮೆ ಊಟಕ್ಕೆ ಕೂತಾಗ ಅವನೇ ಹೇಳಿದ್ದ, “ನಿನ್ನ ಆಲ್ಬಂ ಇನ್ನೂ ಕೇಳಿಲ್ಲಪಾ. ಕೇಳಾಕ ಹೋದ್ರ ಅದು ನಂದಾಗಬೇಕಿತ್ತು ಅನ್ನಿಸ್ತೈತಿ. ತಪ್ಪು ತಿಳ್ಕೋಬ್ಯಾಡ.” ನನಗೆ — ಬರೆಯಲು ನಾಚಿಕೆಯಾಗುತ್ತದೆ — ಸಮಾಧಾನವಾಗಿತ್ತು.

ಹೋದ ವರ್ಷ ಅವನ ಮಗಳು ಸುಜಾತಾ ನನ್ನ ಕ್ಲಾಸಿಗೆ ಬಂದಳು. ಸಿರುಗುಪ್ಪದ ಶಾಲೆಯೊಂದರಲ್ಲಿ ಟೀಚರು, ಅಲ್ಲೇ ಬಾಡಿಗೆ ರೂಮು. ಕೈಯಲ್ಲಿ ಅಪ್ಪನ ಸ್ಯಾಕ್ಸೊಫೋನು. ರವಿವಾರ ರವಿವಾರ ಬಸ್ಸಿನಲ್ಲಿ ಬಂದು ಕಲಿತಳು, ಬೇಗ ಕಲಿತಳು. ಒಂದು ದಿನ ನಗುತ್ತ ಹೇಳಿದಳು:

“ಕಾಕಾ, ನಮ್ಮ ಸಾಲಿ ಗ್ಯಾದರಿಂಗ್‌ನಾಗ ನಿಮ್ಮ ಐದನೇ ಟ್ರ್ಯಾಕ್ ನುಡಸ್ತೀನ್ರಿ. ಅಪ್ಪ ಅದನ್ನ ಒಮ್ಮಿನೂ ಕೇಳಿಲ್ಲಂತ. ಅವರ್ನ ಮುಂದ ಕುಂದ್ರಿಸಿ ಕೇಳಸ್ತೀನಿ. ಈಗ ಏನೂ ಹೇಳಬ್ಯಾಡ್ರಿ.”

ಬೇರೆ ಹಾಡು ಕೊಟ್ಟೆ, ಬೇಡವೆಂದಳು. ಕಷ್ಟವಿದೆ ಎಂದೆ, ಇನ್ನಷ್ಟು ಸಾಧನೆ ಮಾಡಿಕೊಂಡು ಬಂದಳು. ಆಗ ನಾನು ಮಾಡಿದ್ದು — ಮೊದಲಿನ ಸುಳ್ಳಿಗಿಂತ ಇದು ಕೆಟ್ಟದ್ದು — ಆ ಮಗುವಿಗೆ ತಪ್ಪು ಕಲಿಸಿದೆ. ಎರ್ರಿಸ್ವಾಮಿಯ ಗುರುತು ಎಲ್ಲೆಲ್ಲಿ ಇತ್ತೋ ಅಲ್ಲೆಲ್ಲ ಸ್ವರ ಬದಲಾಯಿಸಿದೆ. ತಡೆಗಳನ್ನು ತೆಗೆದೆ. ಅಪ್ಪ ಕೇಳಿದರೂ ತನ್ನದೆಂದು ತಿಳಿಯಬಾರದು.

“ಆಲ್ಬಮ್ಮಿನಾಗ ಹಿಂಗಿಲ್ಲಲ್ರಿ ಕಾಕಾ?” ಎಂದು ಕೇಳಿದಳು.

“ಅವಾಗ ತಪ್ಪು ನುಡಿಸಿದ್ದೆ. ಈಗ ತಿದ್ದೀನಿ.”

ಅವಳು ತಲೆಯಾಡಿಸಿದಳು. ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗಿ ನಿಂತೆ. ಕದ್ದದ್ದು ಸಾಲದೆ, ಕದ್ದ ವಸ್ತುವನ್ನೇ ಕೆಟ್ಟದ್ದು ಅಂದಿದ್ದೆ.

ಗ್ಯಾದರಿಂಗ್ ದಿನ, ಅಂದರೆ ಶಾಲೆಯ ವಾರ್ಷಿಕೋತ್ಸವದಂದು, ಎರ್ರಿಸ್ವಾಮಿ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ನನ್ನ ಪಕ್ಕದಲ್ಲೇ ಕೂತಿದ್ದ. ಶಾಲೆಯ ಅಂಗಳದಲ್ಲಿ ಇನ್ನೂ ಬಿಸಿಲಿತ್ತು. ಸುಜಾತಾ ಮೈಕಿನ ಮುಂದೆ ನಿಂತು, ಇದು ನಮ್ಮ ಗುರುಗಳ ಹಾಡು ಎಂದು ನನ್ನ ಹೆಸರು ಹೇಳಿದಳು. ಜನ ಚಪ್ಪಾಳೆ ತಟ್ಟಿದರು. ಎಲ್ಲರಿಗಿಂತ ಜೋರಾಗಿ ಎರ್ರಿಸ್ವಾಮಿ ತಟ್ಟಿದ.

ಅವಳು ನಾನು ಕಲಿಸಿದಂತೆ ನುಡಿಸಲಿಲ್ಲ. ಆಲ್ಬಂ ಕೇಳಿ ಕೇಳಿ ಕಲಿತದ್ದನ್ನೇ ನುಡಿಸಿದಳು, ತಡೆಗಳ ಸಮೇತ.

ನಾನು ವೇದಿಕೆ ನೋಡಲಿಲ್ಲ. ಎರ್ರಿಸ್ವಾಮಿಯ ಕೈ ನೋಡುತ್ತಿದ್ದೆ. ಮೊದಲು ತೊಡೆಯ ಮೇಲೆ ಸುಮ್ಮನಿದ್ದವು. ಆಮೇಲೆ ಬೆರಳು ಅಲುಗಿದವು. ಮಗಳು ನುಡಿಸುವ ಸ್ವರಕ್ಕಲ್ಲ — ಅವಳು ಮುಂದೆ ನುಡಿಸಬೇಕಾದ ಸ್ವರಕ್ಕೆ. ಎಂದೂ ಕೇಳಿರದ ಆಲ್ಬಮ್ಮಿನ ಹಾಡಿನಲ್ಲಿ ಅವನ ಬೆರಳು ಅವಳಿಗಿಂತ ಮುಂದೆ ಹೋಗುತ್ತಿದ್ದವು.

ಹಾಡು ಮುಗಿಯಿತು. ಚಪ್ಪಾಳೆಯ ನಡುವೆ ಅವನು ನನ್ನ ಕಡೆ ತಿರುಗಿದ.

“ಇದು ಯಾರು ನುಡಿಸಿದ್ದು, ಬಸವರಾಜ?”

ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಪೂರ್ತಿ ಹೆಸರಿನಿಂದ ಕರೆದದ್ದು ಅದೇ ಮೊದಲು.

“ನೀನು,” ಅಂದೆ.

“ಉಸಿರು ಸಾಲಂಗಿಲ್ಲ ಅಂದದ್ದು?”

“ನಾನು.”

ಹೊಡೆಯುತ್ತಾನೆ ಅಂದುಕೊಂಡೆ. ಅವನು ಮಗಳ ಕಡೆ ನೋಡುತ್ತಿದ್ದ. ಅವಳು ವೇದಿಕೆಯಿಂದ ಇಳಿದು ನಮ್ಮ ಕಡೆಗೇ ಬರುತ್ತಿದ್ದಳು, ಮುಖ ತುಂಬ ನಗೆ.

“ಅಕಿಗೆ ನೀನ ಹೇಳು,” ಅಂದ. “ನಾ ಹೇಳಿದ್ರ, ಅಪ್ಪ ಹೊಟ್ಟಿಕಿಚ್ಚಿಗೆ ಹೇಳ್ತಾನ ಅಂದ್ಕೋತಾಳ.” ಎದ್ದು ಗೇಟಿನ ಕಡೆ ನಡೆದ.

ಖಾಲಿ ತರಗತಿಯೊಂದರಲ್ಲಿ ಬೆಂಚಿನ ಮೇಲೆ ಕೂತು ಅವಳಿಗೆ ಎಲ್ಲ ಹೇಳಿದೆ. ಚೆನ್ನೈ, ಜ್ವರ, ಬೂತು, ಎಲ್ಲ. ಸ್ಯಾಕ್ಸೊಫೋನನ್ನು ಒರೆಸಿ ಪೆಟ್ಟಿಗೆಗೆ ಇಟ್ಟಳು. ಬಾಗಿಲ ತನಕ ಹೋದವಳು ನಿಂತು ಒಂದೇ ಕೇಳಿದಳು:

“ಅವತ್ತು ಸಣ್ಣವರಿದ್ರಿ, ಆಸಿ ಇತ್ತು ಅಂತ ತಿಳ್ಕೋತೀನಿ. ನನಗ್ಯಾಕ ತಪ್ಪು ಕಲಿಸಿದ್ರಿ?”

ಪೆಟ್ಟಿಗೆ ಎತ್ತಿಕೊಂಡು ಅಪ್ಪ ಹೋದ ಗೇಟಿನ ಕಡೆಗೇ ನಡೆದಳು.

ನಿರ್ದೇಶಕರು ತೀರಿಹೋಗಿ ಬಹಳ ಕಾಲವಾಯಿತು. ಆಲ್ಬಂ ಹಕ್ಕು ಇರುವ ಕಂಪನಿಗೆ ಇದ್ದದ್ದು ಇದ್ದ ಹಾಗೆ ತಿಳಿಸಿದ್ದೇನೆ. ಹೆಸರು ತಿದ್ದುತ್ತೇವೆ ಎಂದಿದ್ದಾರೆ, ಇನ್ನೂ ತಿದ್ದಿಲ್ಲ. ವಾರವಾರ ಫೋನ್ ಮಾಡುತ್ತೇನೆ. ಕ್ಲಾಸಿನ ಮಕ್ಕಳಿಗೆ, ಅವರ ತಂದೆತಾಯಿಗೆ ಹೇಳಿದ್ದೇನೆ. ಕೆಲವರು ಬರುವುದು ಬಿಟ್ಟರು. ಎರ್ರಿಸ್ವಾಮಿ ನನ್ನ ಫೋನ್ ಎತ್ತುವುದಿಲ್ಲ. ಎತ್ತಬೇಕೆಂದು ಕೇಳುವ ಹಕ್ಕು ನನಗಿಲ್ಲ.

ಮೊನ್ನೆ ಸುಜಾತಾ ಫೋನ್ ಮಾಡಿದಳು. ಕಾಕಾ ಎನ್ನಲಿಲ್ಲ.

“ಸರ್, ಅಪ್ಪ ವಾದ್ಯ ತಗೊಂಡು ಕುಂತಾರ. ದಿನಾ ಕುಂದ್ರತಾರ. ಮುಂದಿನ ಹಲ್ಲು ಹೋಗ್ಯಾವಲ್ರಿ, ತುಟಿ ನಿಂದ್ರವಲ್ದು, ಗಾಳಿ ಸೋರಿ ಹೋಗ್ತೈತಿ. ಹಲ್ಲು ಕಟ್ಟಿಸಿದ್ರ ಮೊದಲಿನಂಗ ಬರ್ತೈತೇನ್ರಿ?”

ಅವಳ ದನಿಯ ಹಿಂದೆ ಒಂದು ಸ್ವರ ಹತ್ತಲು ನೋಡಿ ಒಡೆಯುತ್ತಿತ್ತು, ಮತ್ತೆ ಹತ್ತುತ್ತಿತ್ತು. ಬರುತ್ತದೆ ಎಂದು ಹೇಳಿಬಿಡಬೇಕು ಅನ್ನಿಸಿತು. ನಾಲಿಗೆಯ ತುದಿಗೆ ಬಂದಿತ್ತು.

“ಕಟ್ಟಿಸವ್ವಾ,” ಅಂದೆ. “ನುಡಿಸಾಕ ಬರ್ತೈತಿ. ಮೊದಲಿನಂಗ ಬರಂಗಿಲ್ಲ.”