ಗಂಟು ಬಿಚ್ಚದ ಚೀಲ

ಹುಲ್ಲಹಳ್ಳಿಯ ಆ ಸೂಲಗಿತ್ತಿ ಅಜ್ಜಿಯ ಮೇಲೆ ನನಗೆ ಮೊದಲ ದಿನದಿಂದಲೂ ಅನುಮಾನ. ನನ್ನ ಮೊದಲ ಹೆರಿಗೆ ಸಿಸೇರಿಯನ್ ಆಗಿತ್ತು. ಮತ್ತೆ ಹೊಟ್ಟೆ ಕೊಯ್ಯಿಸಿಕೊಳ್ಳುವ ಭಯಕ್ಕೆ, ಎರಡನೆಯದು ಮನೆಯಲ್ಲೇ ಆಗಲಿ ಎಂದು ಹಟ ಹಿಡಿದವಳು ನಾನೇ. ಅತ್ತೆ ಅಜ್ಜಿಯನ್ನು ಕರೆಸಿದರು. ಅವರು ಹಳೆಯ ಗಾಯದ ಮೇಲೆ ಅಂಗೈ ಇಟ್ಟು, ಕಣ್ಣು ಮುಚ್ಚಿ, "ನಾನಿವ್ನಿ ಕಣವ್ವ" ಎಂದರು. ಏನು ಕೇಳಿದರೂ ಅದೇ ಉತ್ತರ, ತಾನಿದ್ದೇನೆ ಎಂದಷ್ಟೇ.

ಆ ವಾರದಲ್ಲೇ ಟ್ರಂಕಿನಲ್ಲಿದ್ದ, ಬಸುರಿಯರಿಗೆ ಆಸ್ಪತ್ರೆಯಲ್ಲಿ ಕೊಡುವ ನನ್ನ ತಾಯಿ ಕಾರ್ಡು, ಮೊದಲ ಹೆರಿಗೆಯ ಆಪರೇಷನ್ ಚೀಟಿ ಕಾಣೆಯಾದವು.

"ಆ ಮುದುಕೀದೇ ಕೆಲ್ಸ" ಎಂದೆ.

"ಓದಕ್ಕೆ ಬರದೋಳು ಅದುನ್ನ ಉಪ್ಪಿನ್ಕಾಯಿ ಆಕಂಡಾಳಾ?" ಎಂದು ಅತ್ತೆ ನಕ್ಕರು.

ನೋವು ಶುರುವಾದ ಬೆಳಿಗ್ಗೆ ಅಜ್ಜಿ ತಮ್ಮ ಪದ್ಧತಿಯಂತೆ, ಹೆರಿಗೆ ಸಲೀಸಾಗಲೆಂದು ಮನೆಯ ಗಂಟುಗಳನ್ನೆಲ್ಲ ಬಿಚ್ಚಿಸಿದರು. ಡಬ್ಬಿಗಳ ಮುಚ್ಚಳ, ಬೀರುವಿನ ಬೀಗ, ನನ್ನ ಜಡೆ ಎಲ್ಲವೂ ಸಡಿಲವಾದವು. ಅವರ ಬಟ್ಟೆಚೀಲದ ಗಂಟು ಮಾತ್ರ ಹಾಗೇ ಇತ್ತು. ಅದರೊಳಗೆ ಯಾವ ಮದ್ದಿದೆಯೋ ಎಂದು, ನಂಜುಂಡೇಶ್ವರನನ್ನು ನೆನೆಯುತ್ತಾ ಅದನ್ನೇ ನೋಡುತ್ತಿದ್ದೆ.

ಅಜ್ಜಿ ಗಾಯ ಮುಟ್ಟಿದರು. "ನೋವು ಬುಟ್ಟಾಗ್ಲೂ ಇಲ್ಲಿ ಉರೀತದಾ?"

"ಹೂಂ."

"ಏಳು. ಗಾಯ ಬುಟ್ಕಂಡ್ರೆ ಕಷ್ಟ. ಬಾಗ್ಲಲ್ಲಿ ಆಟೋ ನಿಂತದೆ."

"ಮನೇಲೇ ಅಂದಿದ್ರಲ್ಲಜ್ಜಿ!"

"ಅಂಗಂದೋಳು ನೀನು. ನಾನಿವ್ನಿ ಅಂದೆ, ಅಷ್ಟೇಯ."

ನಂಜನಗೂಡಿನ ಆಸ್ಪತ್ರೆಯಲ್ಲಿ ನರ್ಸ್ ಹಳೆಯ ಕಾಗದ ಕೇಳಿದಾಗ ಅಜ್ಜಿ ಚೀಲದ ಗಂಟು ಬಿಚ್ಚಿದರು. ಒಳಗೆ ಬ್ಲೇಡಿಲ್ಲ, ದಾರವಿಲ್ಲ. ನನ್ನ ತಾಯಿ ಕಾರ್ಡು, ಆಪರೇಷನ್ ಚೀಟಿ, ಮಗುವಿಗೆಂದು ಒಗೆದು ಮಡಿಸಿದ ಹಳೇ ಸೀರೆಯ ತುಂಡು.

ಮತ್ತೆ ಆಪರೇಷನ್ನೇ ಆಯಿತು. ಮಗಳು ಆ ಸೀರೆಯ ತುಂಡಿನಲ್ಲೇ ಮನೆಗೆ ಬಂದಳು. ದೀಪ ಹಚ್ಚಿ ದೇವರ ಉಪಕಾರಗಳನ್ನು ಎಣಿಸುವಾಗ, ಆ ಕಳ್ಳತನವನ್ನೂ ಸೇರಿಸಿಕೊಳ್ಳುತ್ತೇನೆ.